ಅಕ್ಕಿ ಕಾಳಿನಷ್ಟು ಪೇಸ್ಟು

ಮೊನ್ನೆ ಮಧ್ಯಾಹ್ನ ಸ್ಟುಡಿಯೋದ ಕಂಪ್ಯೂಟರು ಏದುಸಿರು ಬಿಟ್ಟು ಆರಿಹೋಯಿತು. ಪಕ್ಕದ ತಗಡು ಬಿಚ್ಚಿದೆ. ಕಾದ ಮಣ್ಣಿನ ವಾಸನೆ ಬಂತು. ಹೊಸಪೇಟೆಯಲ್ಲಿ ನಮ್ಮ ಅಂಗಡಿ ಇರುವುದು ಸಂಡೂರಿನ ಕಡೆ ಹೋಗುವ ರಸ್ತೆಯಲ್ಲಿ. ಅದಿರಿನ ಲಾರಿಗಳು ದಿನವಿಡೀ ಹಾಯುತ್ತವೆ. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕಾವಿಯಾಗಿ ಸಿಗುವ ಊರು ನಮ್ಮದು, ಸನ್ಯಾಸಕ್ಕೆ ಬೇರೆ ದೀಕ್ಷೆ ಬೇಕಿಲ್ಲ. ಆದರೂ ಪೆಟ್ಟಿಗೆಯೊಳಗೆ ಧೂಳು ಕಡಿಮೆಯೇ ಇತ್ತು. ಗಾಳಿ ಎಳೆಯುವ ಫ್ಯಾನಿನ ಮುಂದೆ ಅಪ್ಪ ಕಟ್ಟಿದ ಹಳೆ ಪಂಚೆಯ ತುಂಡು ಇನ್ನೂ ಹಾಗೇ ಇತ್ತು.

ಆ ಪಂಚೆಯ ಕಥೆ ಹೇಳುತ್ತೇನೆ, ಕೂತುಕೊಳ್ಳಿ.

ಮದುವೆ ಆಲ್ಬಮ್ಮು ಮಾಡುವ ಈ ಸ್ಟುಡಿಯೋ ತೆರೆಯುವಾಗ ನನ್ನ ಬಳಿ ಇದ್ದದ್ದು ಒಂದು ಕ್ಯಾಮೆರಾ ಮತ್ತು ಬಾಯಿತುಂಬ ಧೈರ್ಯ. ಹಂಪಿಯ ಕಲ್ಲುಕಂಬಕ್ಕೆ ಒರಗಿಸಿ ಮದುಮಕ್ಕಳ ಫೋಟೋ ತೆಗೆಯುವುದು ಸುಲಭ. ಅವರ ಮುಖದ ಬೆವರು ಅಳಿಸಿ ಪುಟ ಜೋಡಿಸಲು ಗಟ್ಟಿ ಕಂಪ್ಯೂಟರು ಬೇಕು. ಲಗ್ನದ ಸೀಸನ್ನು ಹತ್ತಿರ ಬಂದಿತ್ತು, ಆಲ್ಬಮ್ಮುಗಳನ್ನು ಒಪ್ಪಿಕೊಂಡೂ ಆಗಿತ್ತು. ಬೇಕಾದ್ದನ್ನು ಹೇಳಿ ಬೆಂಗಳೂರಿನಿಂದ ಜೋಡಿಸಿದ್ದನ್ನೇ ತರಿಸೋಣ ಎಂದುಕೊಂಡಿದ್ದೆ. ಕೆಟ್ಟರೆ ಬೈಯಲು ಒಬ್ಬರಿರುತ್ತಾರೆ. ಮನುಷ್ಯರಿಗೆ ಅದೇನು ಸಣ್ಣ ಸುಖವಲ್ಲ.

ಅಪ್ಪ ಒಪ್ಪಲಿಲ್ಲ. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಮಷಿನ್ನು ನೋಡಿಕೊಂಡೇ ಆಯುಷ್ಯ ಕಳೆದವನು. ಮಿಲ್ಲು ಬಿಟ್ಟ ಮೇಲೆ ಕೈಗೆ ಕೆಲಸವಿಲ್ಲದೆ, ಸೋರದ ನಲ್ಲಿಗಳನ್ನೂ ಬಿಚ್ಚಿ ಕೂಡಿಸುತ್ತಿದ್ದ.

"ಕಟ್ಟಿದವ ಎಲ್ಲೋ ಇರ್ತಾನ, ಕೆಡೋದು ಇಲ್ಲಿ. ನಾವ ಕೂಡ್ಸಿದ್ರ ಎಲ್ಲಿ ಕೆಟ್ಟೈತಂತ ಕೈಗೆ ಗೊತ್ತಿರ್ತೈತಿ. ಬಿಡಿ ಸಾಮಾನು ತರೂಣು ನಡಿ."

"ಅಪ್ಪಾ, ಇದು ಮಿಲ್ಲಲ್ಲ."

"ಬಿಸಿ ಆಗ್ತೈತಿಲ್ಲ? ಧೂಳು ತಿಂತೈತಿಲ್ಲ? ಮತ್ತ?"

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆಯನ್ನೂ ಸೇರಿಸಿದ. ಅದರಲ್ಲಿ ಮಗಳು ಎಲ್ಲಿ ಬರುತ್ತಾಳೆ ಎಂದು ಕೇಳಿದೆ. "ಇಂಗ್ಲಿಷ್ ಓದಿ ಹೇಳಾಕ," ಎಂದ. ಹೀಗೆ ನಾನು ಸೋತೆ.

ಕಂಪ್ಯೂಟರಿನ ಬಿಡಿ ಸಾಮಾನು ಮಾರುವ ಅಂಗಡಿಯವರು ಎಲ್ಲವನ್ನೂ ಕಟ್ಟಿಕೊಟ್ಟು, ಕೊನೆಗೆ ಸಣ್ಣ ಟ್ಯೂಬೊಂದನ್ನು ಮುಂದಿಟ್ಟರು. "ಪ್ರೊಸೆಸರ್ ಮ್ಯಾಲ ಈ ಪೇಸ್ಟು ಹಾಕಿ ಫ್ಯಾನು ಕೂಡ್ಸ್ರಿ. ಬಿಸಿ ಎಳಕೊಂತೈತಿ. ಅಕ್ಕಿ ಕಾಳಿನಷ್ಟು ಸಾಕು."

"ಯಾವ ಅಕ್ಕಿರಿ?" ಎಂದ ಅಪ್ಪ.

"ಅಂದ್ರ?"

"ಸೋನಾ ಮಸೂರಿನೋ, ದಪ್ಪಕ್ಕಿನೋ? ಭಾಳ ಫರಕೈತ್ರಿ."

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಸೋಮವಾರ ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಕೂತ. ನಾನು ಇಂಗ್ಲಿಷ್ ಕೈಪಿಡಿ ಓದಿ ಹೇಳಿದೆ, ಅವನು ಕೂಡಿಸಿದ. ಮಿಲ್ಲಿನಲ್ಲಿ ಧೂಳಿಗೆ ಬಟ್ಟೆ ಕಟ್ಟುತ್ತಿದ್ದ ರೂಢಿಯಂತೆ ಗಾಳಿ ಎಳೆಯುವ ಫ್ಯಾನಿಗೆ ತೆಳ್ಳನೆಯ ಪಂಚೆಯ ತುಂಡು ಕಟ್ಟಿದ. ಮೊಳೆ ಬಡಿದು ಒರಟಾದ ಆ ಬೆರಳುಗಳು ಕೂದಲಷ್ಟು ಸಣ್ಣ ತಂತಿಗಳನ್ನು ಅಷ್ಟು ಮೆತ್ತಗೆ ಹಿಡಿಯಬಲ್ಲವೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಟ್ಯೂಬು ಒತ್ತಿದ. ಬೂದು ಬಣ್ಣದ ಪೇಸ್ಟು, ನೆನೆಸಿದ ವಿಭೂತಿಯ ಹಾಗೇ ಇತ್ತು. ಅದನ್ನು ಮೂರು ಬೆರಳಿಗೆ ಹಚ್ಚಿಕೊಂಡು ಪ್ರೊಸೆಸರಿನ ನೆತ್ತಿಯ ಮೇಲೆ ಅಡ್ಡಲಾಗಿ ಮೂರು ಪಟ್ಟಿ ಎಳೆದುಬಿಟ್ಟ.

"ಅಪ್ಪಾ! ಅಕ್ಕಿ ಕಾಳು!" ಎಂದು ಕೂಗಿದೆ. ಅಷ್ಟರಲ್ಲಿ ಅದರ ಮೇಲೆ ಪ್ರೊಸೆಸರಿನ ಫ್ಯಾನು ಕೂತಾಗಿತ್ತು. ಅಂಚಿಗೆ ಉಕ್ಕಿದ್ದನ್ನು ಒರೆಸಿ ಸ್ವಿಚ್ಚು ಒತ್ತಿದ. ಪರದೆ ಬೆಳಗಿತು, ಅಂಗಡಿ ತನ್ನ ಕಾಲ ಮೇಲೆ ನಿಂತಿತು.

ಆಮೇಲೆ ಬಂದ ಗಿರಾಕಿಗಳಿಗೆಲ್ಲ ಇದನ್ನೇ ಹೇಳಿ ನಗಿಸುತ್ತಿದ್ದೆ: ನಮ್ಮದು ವಿಭೂತಿ ಹಚ್ಚಿಕೊಂಡ ಕಂಪ್ಯೂಟರು, ಸುಳ್ಳು ಹೇಳುವುದಿಲ್ಲ, ಮೊಡವೆ ಮಾತ್ರ ಅಳಿಸುತ್ತದೆ.

ಮೊನ್ನೆ ಅದು ಆರಿದಾಗ, ನಿಜ ಹೇಳಬೇಕೆಂದರೆ, ಮೊದಲು ಮೊಬೈಲು ತೆಗೆದು ಜೋಡಿಸಿದ ಹೊಸ ಕಂಪ್ಯೂಟರುಗಳನ್ನೇ ನೋಡುತ್ತ ಕೂತೆ. ಹುಡುಕುತ್ತಿದ್ದದ್ದು ಕಣ್ಣು, ಕೈ ಮಾತ್ರ ಸ್ಕ್ರೂ ಡ್ರೈವರ್ ಹಿಡಿದು ನೇರ ಪ್ರೊಸೆಸರಿನ ಫ್ಯಾನಿನ ಬುಡಕ್ಕೇ ಹೋಗಿತ್ತು. ಎತ್ತಿ ನೋಡಿದರೆ ಪೇಸ್ಟು ಒಣಗಿ ಸುಣ್ಣದಂತೆ ಉದುರುತ್ತಿದೆ. ಇಷ್ಟೇ ರೋಗ. ಒರೆಸಿ ಸ್ವಚ್ಛ ಮಾಡಿ ಹೊಸ ಟ್ಯೂಬು ತಂದೆ.

ಅಪ್ಪ ಅಂಗಡಿಯ ಕುರ್ಚಿಯಲ್ಲೇ ಕೂತಿದ್ದ. ಈಚೆಗೆ ಅವನ ಕೈ ನಡುಗುತ್ತದೆ. ಚಹಾದ ಲೋಟವನ್ನು ನಾನೇ ಹಿಡಿಯಬೇಕು. ಆದರೂ ಟ್ಯೂಬನ್ನು ಅವನತ್ತ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಒಂದು ಕೈಯನ್ನು ಇನ್ನೊಂದರಿಂದ ಒತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ನೀನ ಹಚ್ಚವ್ವ. ಅಕ್ಕಿ ಕಾಳಿನಷ್ಟು ಸಾಕು."

"ಮತ್ತ ಅವತ್ತು ಮೂರು ಪಟ್ಟಿ ಯಾಕ ಎಳದಿ?"

"ಅವತ್ತೂ ಗೊತ್ತಿತ್ತು. ಹೆದರಿಕಿ ಆಗಿತ್ತವ್ವ. ನಿನ್ನ ಅಂಗಡಿ ಅದರ ಮ್ಯಾಲ ನಿಂತಿತ್ತು. ಹಟ ಹಿಡದು ಬಿಡಿ ಸಾಮಾನು ತರ್ಸಿದಾಂವ ನಾನು."

"ಈಗ?"

"ಈಗ ನಿನಗ ಬರ್ತೈತಲ್ಲ. ಇನ್ನ ಯಾತರ ಹೆದರಿಕಿ?"

ತೊಡೆಯ ಮೇಲೆ ಸುಮ್ಮನಿರಲೊಲ್ಲದ ಆ ಕೈಗಳನ್ನು ನೋಡಿದೆ. ಅವನ ಹೆದರಿಕೆ ಮುಗಿದಿತ್ತು, ನನ್ನದು ಶುರುವಾಗಿತ್ತು. ಟ್ಯೂಬು ಒತ್ತಿ ಮೂರು ಬೆರಳಿಗೆ ಹಚ್ಚಿಕೊಂಡೆ.

"ಭಾಳ ಆತವ್ವ," ಎಂದ ಅಪ್ಪ.

ಇರಲಿ ಬಿಡು ಎಂದು ಮೂರು ಪಟ್ಟಿ ಎಳೆದುಬಿಟ್ಟೆ.