ಎದೆಮಟ್ಟದ ನೀರು

ನನ್ನ ಗಂಡ ಕಾವೇರಿಯನ್ನು ಈಜಿ ದಾಟಿದವರು. ಹಾಗಂತ ಮದುವೆಯಾದ ಮೊದಲ ವಾರವೇ ಹೇಳಿದ್ದರು: ಶ್ರೀರಂಗಪಟ್ಟಣದ ಹತ್ತಿರ, ಹೊಳೆ ತುಂಬಿ ಹರಿಯುವಾಗ, ಎಲ್ಲೂ ನಿಲ್ಲದೆ. ಆಕ್ಲೆಂಡಿಗೆ ಬಂದ ಮೇಲೂ ನಮ್ಮನ್ನು ಊಟಕ್ಕೆ ಕರೆದವರ ಮನೆಯಲ್ಲೆಲ್ಲ ಆ ಕಾವೇರಿ ಹರಿಯಿತು, ಒಂದೊಂದು ಸಲಕ್ಕೂ ಇನ್ನಷ್ಟು ಅಗಲವಾಗಿ. ಎಲ್ಲರೂ ನಗುತ್ತಿದ್ದರು. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಕಾರಣವಿತ್ತು. ಮಗಳಿಗೆ ಏಳು ವರ್ಷವಾಗಿದ್ದಾಗ ಒಂದು ಭಾನುವಾರ ಪಶ್ಚಿಮ ತೀರದ ಕಪ್ಪು ಮರಳಿನ ಬೀಚಿಗೆ ಹೋಗಿದ್ದೆವು. ಮೊಣಕಾಲುದ್ದದ ನೀರಿನಲ್ಲಿ ಆಡುತ್ತಿದ್ದವಳನ್ನು ಅಲೆಯೊಂದು ಎಳೆದುಕೊಂಡಿತು. ಇವರು ಪ್ಯಾಂಟು, ಶೂ ಸಮೇತ ನೀರಿಗೆ ನುಗ್ಗಿದರು. ಎದೆಮಟ್ಟಕ್ಕೆ ಬಂದಾಗ ನಿಂತುಬಿಟ್ಟರು. ಕೈ ಚಾಚಿಕೊಂಡು ಅವಳ ಹೆಸರು ಕೂಗುತ್ತ ನಿಂತರು, ಅಷ್ಟೇ. ಸರ್ಫ್ ಬೋರ್ಡಿನ ಮೇಲಿದ್ದ ಯಾರೋ ಹುಡುಗಿ ಅವಳನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿ ಹೋದಳು.

ಮಗಳು ನಾಲ್ಕೇ ದಿನಕ್ಕೆ ಮರೆತಳು. ನಾನು ಮರೆಯಲಿಲ್ಲ. ಹೊಳೆ ದಾಟಿದ ಮನುಷ್ಯ ಸ್ವಂತ ಮಗಳಿಗಾಗಿ ಇನ್ನು ಹತ್ತು ಮಾರು ಈಜಲಿಲ್ಲವೇಕೆ? ಕೇಳಬಹುದಿತ್ತು. ಏನು ಉತ್ತರ ಬಂದೀತೋ ಎಂಬ ಭಯಕ್ಕೆ ಕೇಳಲಿಲ್ಲ. ಬಾಟನಿ ಡೌನ್ಸ್‌ನಲ್ಲಿ ಮನೆ ಕೊಂಡೆವು, ಮಗಳನ್ನು ಓದಿಸಿದೆವು, ಚೆನ್ನಾಗಿಯೇ ಸಂಸಾರ ಮಾಡಿದೆವು. ಆದರೆ ಎಂಥ ಸಣ್ಣ ಜಗಳದಲ್ಲೂ ಆ ಭಾನುವಾರ ಬಂದು ನನ್ನ ಪಕ್ಕದಲ್ಲಿ ಕೂರುತ್ತಿತ್ತು. ಇವರನ್ನು ಪೂರ್ತಿ ನಂಬುವುದು ನನ್ನಿಂದ ಆಗುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ನಾನೇ ಈಜು ಕಲಿಯಲು ಹೋದೆ. ಪೆನ್‌ರೋಸ್‌ನ ಗೋದಾಮಿನಲ್ಲಿ ಆಫೀಸು ಕೆಲಸ ಮುಗಿಸಿ ವಾರಕ್ಕೆರಡು ಸಂಜೆ ಪೂಲಿಗೆ. ಮೊದಲ ತಿಂಗಳು ಗೋಡೆಯನ್ನೇ ಬಿಡಲಿಲ್ಲ. ನನ್ನ ಮಗಳ ವಯಸ್ಸಿನ ಟೀಚರ್ ಹೇಳಿಕೊಟ್ಟದ್ದರಲ್ಲಿ ಒಂದು ಮಾತು ಮಾತ್ರ ಚೆನ್ನಾಗಿ ತಲೆಗೆ ಹೋಯಿತು: ಗಾಬರಿಯಾದರೆ ಅಂಗಾತ ತೇಲಿ ಮೇಲೆ ನೋಡಬೇಕು. ಇವರನ್ನೂ ಕರೆದರೆ, ಹೊಳೆಯಲ್ಲಿ ಈಜಿದವನಿಗೆ ತೊಟ್ಟಿ ನೀರು ಒಗ್ಗುವುದಿಲ್ಲ ಅಂದರು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಗ್ರೀಸ್‌ಗೆ ಹೋದೆವು. ಎರಡು ವಿಮಾನ, ಒಂದು ಹಡಗು, ಕೊನೆಗೆ ಮಿಲೋಸ್ ಎಂಬ ಪುಟ್ಟ ದ್ವೀಪ. ಅಲ್ಲಿ ಸುಣ್ಣದಂಥ ಬಿಳಿ ಬಂಡೆಗಳ ನಡುವೆ ಸಮುದ್ರದ ಗುಹೆಗಳಿವೆ. ಬೋಟು ಒಳಗೆ ಹೋಗುವುದಿಲ್ಲ, ಈಜಿಯೇ ಹೋಗಬೇಕು. ಮಗಳು ಫೋಟೋ ತೋರಿಸಿದ ದಿನದಿಂದ ನನಗೆ ಅದೇ ಹುಚ್ಚು. ಒಬ್ಬ ಮುದುಕನ ಸಣ್ಣ ಬೋಟು ಗೊತ್ತು ಮಾಡಿಕೊಂಡೆವು. ದಾರಿಯುದ್ದಕ್ಕೂ ಇವರು ಬೋಟಿನ ಅಂಚು ಹಿಡಿದೇ ಕೂತಿದ್ದರು. ಗುಹೆಯ ಎದುರು ಬೋಟು ನಿಂತಿತು. ನಾನು ಈಜುವ ಕನ್ನಡಕ ಹಾಕಿಕೊಂಡು ತಿರುಗಿ ನೋಡಿದರೆ ಇವರು ಶರ್ಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ.

"ನಂಗೆ ಈಜು ಬರಲ್ಲ ಕಣೇ," ಎಂದರು.

"ಮತ್ತೆ ಕಾವೇರಿ?"

"ಅದು ನಮ್ಮಣ್ಣ ದಾಟಿದ್ದು. ನಾನು ದಡದಲ್ಲಿ ಅವನ ಬಟ್ಟೆ ಕಾಯ್ತಾ ಕೂತಿದ್ದೆ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇಪ್ಪತ್ತೈದು ವರ್ಷದ ಸುಳ್ಳು, ಅದೂ ಯಾರದೋ ಪೌರುಷ. ಬಾಯಿಬಿಟ್ಟರೆ ಏನು ಅಂದುಬಿಡುತ್ತೇನೋ ಎಂದು ನೀರಿಗೆ ಹಾರಿದೆ. ಆ ಸಿಟ್ಟಿನಲ್ಲೇ ಕೈಕಾಲು ಬಡಿದು ಗುಹೆಯೊಳಕ್ಕೆ ಹೋದೆ.

ಒಳಗೆ ನೀರು ತಣ್ಣಗಿತ್ತು. ಸುಧಾರಿಸಿಕೊಳ್ಳೋಣವೆಂದು ಅಭ್ಯಾಸಬಲದಿಂದ ಕಾಲು ಕೆಳಗೆ ಬಿಟ್ಟೆ. ನೆಲ ಸಿಗಲಿಲ್ಲ. ಪೂಲಿನಲ್ಲಿ ಸಿಗುತ್ತಿತ್ತು. ಒಂದು ಗುಟುಕು ಉಪ್ಪುನೀರು ಗಂಟಲಿಗೆ ಹೋಯಿತು, ಗಾಬರಿಯಲ್ಲಿ ಕೈಕಾಲು ಅಡ್ಡಾದಿಡ್ಡಿ ಬಡಿದೆ. ಹೇಗೋ ಅಂಗಾತ ತಿರುಗಿ ಗುಹೆಯ ಚಾವಣಿ ನೋಡುತ್ತ ತೇಲಿದೆ. ಈಜು ಬರುವ ನನಗೇ ಇಷ್ಟು ಭಯ. ಆಗ ಕಣ್ಣಮುಂದೆ ಬಂದದ್ದು ಆ ಭಾನುವಾರ. ಶೂ ಹಾಕಿಕೊಂಡು ಸಮುದ್ರಕ್ಕೆ ನುಗ್ಗಿದ ಮನುಷ್ಯನಿಗೆ ಈಜು ಬರುತ್ತಿರಲಿಲ್ಲ. ಒಂದಿಷ್ಟೂ ಬರುತ್ತಿರಲಿಲ್ಲ. ಎಲ್ಲಿ ನಿಂತರು ಎನ್ನುವುದನ್ನೇ ಹದಿನೈದು ವರ್ಷ ನೋಡುತ್ತ ಬಂದಿದ್ದೆ. ನನಗೆ ನಾಚಿಕೆಯಾಯಿತು, ಅಲ್ಲೇ ಅತ್ತೆ.

ಬೋಟಿನ ಬಳಿಗೆ ವಾಪಸು ಬಂದಾಗ ಇವರು ಏಣಿಯ ಹತ್ತಿರ ಬಗ್ಗಿ ಗುಹೆಯ ಬಾಯನ್ನೇ ನೋಡುತ್ತಿದ್ದರು. ಇಳಿದು ಬನ್ನಿ ಅಂದೆ. ಮುದುಕ ಏನು ಅರ್ಥ ಮಾಡಿಕೊಂಡನೋ, ಒಂದು ಲೈಫ್ ಜಾಕೆಟ್ ತಂದು ಇವರಿಗೆ ತೊಡಿಸಿ ಪಟ್ಟಿ ಬಿಗಿದ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಮಟ್ಟಕ್ಕೆ ಬಂದಾಗ ನಿಂತುಬಿಟ್ಟರು. ಇನ್ನು ತನ್ನ ಕೈಲಾಗದು ಎಂದರು.

"ಸಾಕು ರೀ," ಎಂದೆ. "ಅವತ್ತೂ ಇಲ್ಲೀತನಕ ಬಂದಿದ್ರಿ."

ಯಾವತ್ತು ಎಂದು ಅವರು ಕೇಳಲಿಲ್ಲ. ಏಣಿಯಿಂದ ಒಂದು ಕೈ ಬಿಡಿಸಿ ನನ್ನ ಭುಜ ಹಿಡಿದುಕೊಂಡರು.