ಕೆನಡಾದ ಡಾಕ್ಟರಿಗೆ ಆಳಂದದ ಪೇಷಂಟು

ನಿನ್ನೆ ನಮ್ಮ ಮೆಡಿಕಲ್ ಅಂಗಡಿಗೆ ಬಂದ ಹಿರಿಯರೊಬ್ಬರು ಕೌಂಟರಿಗೆ ಕೈಯೂರಿ ಎರಡು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮು ಕೆಮ್ಮಿದರು. ಔಷಧಿ ಕೊಡಬೇಕಾದ ನಾನು ಅದೇ ಅಳತೆಯಲ್ಲಿ, ಕೊನೆಗೆ ಅವರು ತೆಗೆದ ಸಣ್ಣ ನರಳಿಕೆಯ ಸಮೇತ, ಕೆಮ್ಮಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ. ನಿಮಗೆ ಆಕಳಿಕೆ ಅಂಟುವ ಹಾಗೆ ನನಗೆ ಮನುಷ್ಯರು ಅಂಟುತ್ತಾರೆ.

"ಏನಲೇ, ಅಣಗಸ್ತಿ?" ಎಂದು ಅವರು ಕಣ್ಣು ಬಿಟ್ಟರು.

"ಇಲ್ರಿ ಕಾಕಾ, ನನಗೂ ಅದೇ ಕೆಮ್ಮು ಹತ್ಯಾದ."

"ಹಂಗಾದ್ರ ನೀ ಏನ್ ತಗೋತಿ, ಅದೇ ಕೊಡು."

ಹೀಗೆ ಸುಳ್ಳು ಹೇಳಿ ಬದುಕಿಕೊಂಡು ಬಂದವನು ನಾನು. ಶಾಲೆಯಲ್ಲಿ ಹೆಡ್‌ಮಾಸ್ತರರ ನಡಿಗೆ ಮಾಡಿ ಬೆಂಚಿನ ಮೇಲೆ ನಿಂತಿದ್ದೇನೆ. ಜೇವರ್ಗಿ ಬಸ್ಸಿನ ಕಂಡಕ್ಟರನ ಗಂಟಲು ಮಾಡಿ ಬಸ್ಸಿನಿಂದ ಇಳಿದಿದ್ದೇನೆ, ಅದೂ ಊರು ಬರುವ ಮೊದಲೇ. ನನ್ನನ್ನೇ ನಾನು ಮಾಡಿ ತೋರಿಸು ಎಂದರೆ ಮಾತ್ರ ಬರುವುದಿಲ್ಲ. ಅಲ್ಲಿ ಸರಕು ಕಡಿಮೆ. ಈ ಚಟ ಯಾವ ಕೆಲಸಕ್ಕೂ ಬಾರದ್ದು ಎಂದು ನಮ್ಮಪ್ಪನ ಹಾಗೆ ನೀವೂ ಅಂದುಕೊಳ್ಳುತ್ತಿದ್ದರೆ ಸ್ವಲ್ಪ ತಡೆಯಿರಿ. ಇದರ ಬಲದ ಮೇಲೆಯೇ ನಾನು ಮೂರು ತಿಂಗಳು ಕೆನಡಾ ದೇಶದ ಡಾಕ್ಟರಿಕೆಯ ಪರೀಕ್ಷೆಗೆ ಪೇಷಂಟಾಗಿದ್ದೆ.

ನೀಲಕ್ಕ ನಮ್ಮ ದೊಡ್ಡಪ್ಪನ ಮಗಳು. ಹುಟ್ಟಿದ್ದು, ಬೆಳೆದದ್ದು ಕೆನಡಾ. ಅಲ್ಲಿ ಮೆಡಿಕಲ್ ಸೀಟು ಸಿಗದೆ ಕಲಬುರಗಿಗೆ ಬಂದು ಎಂಬಿಬಿಎಸ್ ಮುಗಿಸಿದಳು. ಆಕೆಯ ಕನ್ನಡ ನಮ್ಮ ದೊಡ್ಡಪ್ಪ ಊರು ಬಿಟ್ಟ ವರ್ಷಕ್ಕೇ ನಿಂತುಹೋಗಿತ್ತು; ಹೀಗಾಗಿ ಜೀನ್ಸ್ ಹಾಕಿಕೊಂಡು ನಮ್ಮ ಮುತ್ಯಾನ ಕಾಲದ ಮಾತಾಡುತ್ತಿದ್ದಳು. ಮುಗಿಸಿ ತನ್ನ ದೇಶಕ್ಕೆ ಹೋದರೆ, ಹೊರಗೆ ಓದಿ ಬಂದವರಿಗೆ ಅಲ್ಲಿ ಬೇರೆ ಬಾಗಿಲು, ಅದೂ ಸಣ್ಣದು. ಮೊದಲು ಬರೆಯುವ ಲೈಸೆನ್ಸ್ ಪರೀಕ್ಷೆ. ಆಮೇಲೆ ಪೇಷಂಟಿನ ವೇಷ ಹಾಕಿ ಕೂತವರನ್ನು ಮಾತಾಡಿಸುವ ಪರೀಕ್ಷೆ. ಅವೆರಡೂ ದಾಟಿದರೆ ರೆಸಿಡೆನ್ಸಿಗೆ, ಎಂದರೆ ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ತರಬೇತಿಗೆ, ಅರ್ಜಿ. ಅಲ್ಲಿ ಸೀಟು ನಾಲ್ಕು, ಕಾಯುವವರು ನಾಲ್ಕು ಓಣಿ. ರೆಸಿಡೆನ್ಸಿ ಇಲ್ಲದಿದ್ದರೆ ಕಲಬುರಗಿಯಲ್ಲಿ ಡಾಕ್ಟರ್, ತಾನು ಹುಟ್ಟಿದ ಊರಲ್ಲಿ ಏನೂ ಅಲ್ಲ.

ಬರೆಯುವುದನ್ನು ನೀಲಕ್ಕ ಒಂದೇ ಏಟಿಗೆ ಮುಗಿಸಿದ್ದಳು. ಮಾತಾಡಿಸುವುದರಲ್ಲಿ ಫೇಲಾದಳು. ರೋಗಿಯ ಮಾತು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ ಎಂಬುದು ಆಕೆಗೆ ಬಿದ್ದ ಕಪ್ಪು ಚುಕ್ಕೆ. ಅಲ್ಲಿದ್ದರೆ ಕಂಡವರೆಲ್ಲ ರಿಸಲ್ಟ್ ಕೇಳುತ್ತಾರೆಂದು ಎರಡನೆಯ ಸಲದ ತಯಾರಿಗೆ ಆಳಂದಕ್ಕೆ, ನಮ್ಮ ಮನೆಗೆ ಬಂದಳು. ಇಲ್ಲಿ ಯಾರೂ ರಿಸಲ್ಟ್ ಕೇಳಲಿಲ್ಲ. ಕಾಲು ಬ್ಯಾನಿಗೆ ಗುಳಿಗೆ ಕೇಳಿದರು.

ನಮ್ಮ ಪಡಸಾಲೆಯೇ ಪರೀಕ್ಷೆಯ ಕೋಣೆ. ಹೊರಸಿನ ಮೇಲೆ ಪೇಷಂಟು ನಾನು. ಒಬ್ಬ ಪೇಷಂಟಿಗೆ ಹನ್ನೊಂದು ನಿಮಿಷ. ಮುಗಿದ ಕೂಡಲೆ ಆಯಿ, ಎಂದರೆ ನಮ್ಮಪ್ಪನ ತಾಯಿ, ಸೌಟಿನಿಂದ ತಾಟು ಬಾರಿಸಬೇಕು. ಕಥೆ ಚೆನ್ನಾಗಿದ್ದರೆ ಆಯಿ ಬಾರಿಸುತ್ತಿರಲಿಲ್ಲ. "ತಡೀರಿ, ಆಕಿ ಸೊಸಿ ಏನಂದ್ಲು ಅನ್ನೂದು ಇನ್ನೂ ಬಂದಿಲ್ಲ" ಎಂದು ಸೌಟು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

ನೀಲಕ್ಕ ಬಾಗಿಲು ತಟ್ಟಿ ಒಳಗೆ ಬಂದು, ಇವತ್ತು ನಿಮ್ಮನ್ನು ಇಲ್ಲಿಗೆ ಕರೆತಂದದ್ದೇನು ಎಂದು ಇಂಗ್ಲಿಷಿನಲ್ಲಿ ಕೇಳುವಳು.

"ಹಿರೋಳ್ಳಿ ಬಸ್ಸು ಕರ್ಕೊಂಡ್ ಬಂತ್ರಿ."

"ತಮಾಷಿ ಸಾಕು. ಏನ್ ತ್ರಾಸ ಅದ ಹೇಳು."

"ನಂಗೇನ್ ಗೊತ್ರಿ? ನಮ್ಮಾಕಿ ಚಪ್ಪಲ್ ಬಿಡಾಕತ್ತಾಳ, ಬಂದು ಹೇಳ್ತಾಳ."

"ಕೆನಡಾದಾಗ ಹಿಂಗ ಇರಂಗಿಲ್ಲೋ!"

"ಯಾಕ, ಅಲ್ಲಿ ಯಾರಿಗೂ ಹೇಣ್ತಿ ಇಲ್ಲೇನು?"

ನಾನು ಸುಳ್ಳು ಆಡುತ್ತಿರಲಿಲ್ಲ. ಕೌಂಟರಿನ ಹಿಂದೆ ನಿಂತು ಕಲಿತದ್ದು ಅದನ್ನೇ. ಅಫಜಲಪುರದವರು ಬೇನೆಯನ್ನು ಹೊಲದಿಂದ ಶುರು ಮಾಡುತ್ತಾರೆ, ಜೇವರ್ಗಿಯವರು ಬಂದ ಬಸ್ಸಿನಿಂದ, ನಮ್ಮ ಆಳಂದದವರು ಹಿಂದಿನ ಡಾಕ್ಟರನ್ನು ಬೈಯುವುದರಿಂದ. ಆದರೆ ಮೂರೂ ತಾಲೂಕಿಗೆ ಒಂದು ಮಾತು ಸಮ: ಬ್ಯಾನಿ ಒಬ್ಬರದು, ಬಾಯಿ ಇನ್ನೊಬ್ಬರದು. ಗಂಡನ ಹೊಟ್ಟೆನೋವು ಹೆಂಡತಿ ಹೇಳಬೇಕು, ಸೊಸೆಯ ಜ್ವರ ಅತ್ತೆ ಹೇಳಬೇಕು. ಬೇನೆಯವರು ಪಕ್ಕದಲ್ಲಿ ಕೂತು, ಯಾರದೋ ಸುದ್ದಿ ಕೇಳಿದ ಹಾಗೆ ತಲೆಯಾಡಿಸುತ್ತಾರೆ. ಯಾರ ಬಾಯಿಯೂ ಸಿಗದ ಬೇನೆಗಳು ಎಲ್ಲಿಗೆ ಹೋಗುತ್ತವೆ ಎಂದು ಆಗ ನಾನು ಯೋಚಿಸಿರಲಿಲ್ಲ.

ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ನನ್ನ ಪೇಷಂಟುಗಳೆಲ್ಲ ಖಾಲಿಯಾದರು. ಅವತ್ತು ಆಯಿ ಹಿತ್ತಲಲ್ಲಿದ್ದಳು. ಇದೇ ಸಮಯವೆಂದು ನಾನು ಆಯಿಯನ್ನೇ ಮಾಡಿದೆ. ಕುರಡಗಿ ಸಂಡಿಗೆ ಒಣಹಾಕಲು ಆಯಿ ಮಾಳಿಗೆ ಹತ್ತುವ ಚಂದ: ಗೋಡೆಗೆ ಎಡಗೈ, ಸೊಂಟಕ್ಕೆ ಬುಟ್ಟಿ, ಆರು ಮೆಟ್ಟಿಲು ಹತ್ತಿ ನಿಲ್ಲುವುದು, ಸೆರಗು ಎಳೆದುಕೊಳ್ಳುವುದು, ಪಕ್ಕದ ಮನೆಯ ಕಡೆ ಮುಖ ತಿರುಗಿಸಿ, "ಏ ಶಾಂತವ್ವ, ಊಟಾತೇನಬೇ?" ಎಂದು ಕೂಗುವುದು, ಮತ್ತೆ ಹತ್ತುವುದು. ನೀಲಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು.

"ಇನ್ನೊಮ್ಮೆ ಮಾಡು, ಮೆಟ್ಟಿಲದ್ದು."

ಮಾಡಿದೆ.

"ದಿನಾ ಅಲ್ಲೇ ನಿಲ್ತಾಳೇನು?"

"ಮೊದ್ಲ ಮ್ಯಾಲ ಹೋಗಿ ಒದರ್ತಿದ್ಲು. ಈಗ ಆರನೇ ಮೆಟ್ಟಿಲಿಗೇ ಶುರು."

"ಶಾಂತವ್ವ ಏನಂತಾಳ?"

"ಶಾಂತವ್ವ ಎಲ್ಲಿದ್ದಾಳ? ಮಗಳ ಬಾಣಂತನಕ್ಕ ಸೊಲ್ಲಾಪುರಕ್ಕ ಹೋಗಿ ತಿಂಗಳ ಮ್ಯಾಲಾತು."

ತಿಂಗಳಿಂದ ಖಾಲಿ ಮನೆಗೆ ಊಟವಾಯಿತೇ ಎಂದು ಕೇಳುತ್ತಿದ್ದ ಆಯಿಯನ್ನು ನಾನು ಸೆರಗಿನ ನೆರಿಗೆ ಸಮೇತ ಕಲಿತಿದ್ದೆ. ಯಾಕೆ ನಿಲ್ಲುತ್ತಾಳೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ನೀಲಕ್ಕ ಹಿತ್ತಲಿಗೆ ಹೋದಳು. ಕಿವಿಗೆ ಸ್ಟೆತಸ್ಕೋಪ್ ಹಾಕಿಕೊಳ್ಳಲಿಲ್ಲ. ಆಯಿಯ ಪಕ್ಕ ನೆಲಕ್ಕೆ ಕೂತು, "ಆಯಿ, ಮೆಟ್ಟಿಲ ಹತ್ತುವಾಗ ಏನಾಗ್ತದ?" ಎಂದಳಷ್ಟೆ. ನಾನು ಉತ್ತರ ಹೇಳಲು ಬಾಯಿ ತೆರೆದೆ. ತಿರುಗಿ ನೋಡದೆಯೇ ನೀಲಕ್ಕ ನನ್ನ ಕಾಲು ಚಿವುಟಿದಳು. ಆಯಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಲೇ ಇದ್ದಳು. ನೀಲಕ್ಕ ಕಾದಳು. ಮೊದಲಿನ ನೀಲಕ್ಕನಾಗಿದ್ದರೆ ಅಷ್ಟರಲ್ಲಿ ಹತ್ತು ಪ್ರಶ್ನೆ ಕೇಳಿರುತ್ತಿದ್ದಳು.

"ದಮ್ಮ ಹತ್ತತದವ್ವ," ಎಂದಳು ಆಯಿ ಕೊನೆಗೆ. "ದೀಪಾವಳಿಯಿಂದ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಪುಸ್ತಕ ಮುಚ್ಚಿಟ್ಟು ನನ್ನ ಹಿಂದ ಅಡ್ಡಾಡ್ತಿದ್ದಿ. ಒಂದ್ಸಲ ಹೋದ ಪರೀಕ್ಷಾ, ಇನ್ನೊಮ್ಮಿ ಹೋಗಬಾರ್ದು."

ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ನೀಲಕ್ಕನ ಮುಖ ಬದಲಾದದ್ದನ್ನು ನಾನು ಇವತ್ತಿಗೂ ಯಾರಿಗೂ ಮಾಡಿ ತೋರಿಸಿಲ್ಲ. ಸೊಲ್ಲಾಪುರದಲ್ಲಿ ಸ್ಕ್ಯಾನ್ ಮಾಡಿ, ಹೃದಯದ ಒಂದು ಕವಾಟ ಕಿರಿದಾಗಿದೆ, ಆಪರೇಶನ್ ಬೇಕು, ತಡ ಮಾಡಬೇಡಿ ಎಂದರು. ಅವರು ಕೊಟ್ಟ ದಿನ ನೀಲಕ್ಕನ ಪರೀಕ್ಷೆಯ ವಾರದಲ್ಲೇ ಬಿತ್ತು. ಪರೀಕ್ಷೆ ಮುಂದಿನ ವರ್ಷ ನೋಡೋಣ ಎಂದು ನೀಲಕ್ಕ ಬ್ಯಾಗು ಬಿಚ್ಚಿದಳು. ಆಯಿ ಎದ್ದು ಕೂತಳು.

"ನನ್ನ ಎದಿ ನೀ ಕೊಯ್ಯಾಕಿ ಏನು? ಅದಕ್ಕ ಬ್ಯಾರೆ ಡಾಕ್ಟರ್ ಇದ್ದಾನ. ಅವ ತನ್ ಕೆಲಸ ಮಾಡ್ಲಿ, ನೀ ನಿಂದು ಮಾಡು. ಫೇಲಾಗಿ ಬಂದಿ ಅಂದ್ರ ಈ ಎದಿ ಮತ್ತ ಕೆಡ್ತದ ನೋಡು."

ನೀಲಕ್ಕ ಹೋದಳು. ಆಯಿಯ ಜೊತೆ ಸೊಲ್ಲಾಪುರದಲ್ಲಿ ನಾನಿದ್ದೆ. ನರ್ಸುಗಳ ಮರಾಠಿ ಕಲಿತು ಬಂದೆ. ಎರಡು ತಿಂಗಳು ಕಳೆದ ಮೇಲೆ, ಅಷ್ಟರಲ್ಲಿ ಊರಿಗೆ ಮರಳಿದ್ದ ಶಾಂತವ್ವ ನನ್ನನ್ನು ತಡೆದು, "ನಿಮ್ಮಾಯಿಗೆ ನನ್ನ ಮ್ಯಾಲ ಏನ್ ಸಿಟ್ಟಪ? ಸರಸರ ಮಾಳಗಿ ಹತ್ತತಾಳ, ಮಾತೇ ಆಡ್ಸಂಗಿಲ್ಲ" ಎಂದು ಮುನಿಸಿಕೊಂಡಳು. ಅಷ್ಟು ಒಳ್ಳೆಯ ಮುನಿಸನ್ನು ನಾನು ನೋಡಿಲ್ಲ.

ಪರೀಕ್ಷೆಯಲ್ಲಿ ಏನು ಕೇಳಿದರೆಂದು ನೀಲಕ್ಕ ಇಂದಿಗೂ ಬಾಯಿ ಬಿಟ್ಟಿಲ್ಲ. ಹೊರಗೆ ಹೇಳುವುದಿಲ್ಲವೆಂದು ಸಹಿ ಮಾಡಿಸಿಕೊಂಡಿದ್ದಾರಂತೆ. ಪಾಸಾದಳು. ಆಮೇಲೆ ರೆಸಿಡೆನ್ಸಿಯ ಇಂಟರ್‌ವ್ಯೂ. ನಿಮಗೆ ಪಾಠ ಕಲಿಸಿದ ರೋಗಿಯ ಬಗ್ಗೆ ಹೇಳಿ ಎಂದರಂತೆ. ಎಲ್ಲರೂ ತಾವು ಉಳಿಸಿದ ಜೀವದ ಕಥೆ ಹೇಳುವ ಕಡೆ ಇವಳು, "ಎರಡು ತಿಂಗಳ ಮ್ಯಾಲ ಒಂದೇ ಮನಿಯಾಗ ನಮ್ಮ ಆಯಿ ಕೈಯಿಂದ ರೊಟ್ಟಿ ತಿಂದು, ಆಕಿ ದಮ್ಮು ನನಗ ಕಾಣಲಿಲ್ಲ. ನಾ ಪುಸ್ತಕ ನೋಡಾಕತ್ತಿದ್ದೆ, ನನ್ನ ತಮ್ಮ ಮನುಷ್ಯಾರ್ನ ನೋಡಾಕತ್ತಿದ್ದ" ಎಂದು ತನ್ನ ತಪ್ಪನ್ನೇ ಬಿಚ್ಚಿಟ್ಟು ಬಂದಳು. ಕೇಳಿ ನಾನು ಬೈದೆ. ಸೀಟು ಹೋಯಿತು ಎಂದು ಗ್ಯಾರಂಟಿ ಮಾಡಿಕೊಂಡೆ.

ಕಳೆದ ತಿಂಗಳು ಸೀಟು ಹಂಚಿದ ದಿನ ಆಕೆಯ ಫೋನು ಬಂತು. ಆ ಕಡೆ ಬರೀ ಮೂಗು ಏರಿಸುವ ಸದ್ದು. "ಅಕ್ಕ, ಸಿಕ್ತೋ ಇಲ್ಲೋ ಮೊದಲ ಹೇಳು, ಆಮ್ಯಾಲ ಅಳು" ಎಂದೆ. ಸಿಕ್ಕಿತ್ತು. ಗೋಧಿ ಬೆಳೆಯುವ ಬಯಲು ಸೀಮೆಯ ಸಣ್ಣ ಊರು, ಮನೆಮಂದಿಯನ್ನೆಲ್ಲ ನೋಡಿಕೊಳ್ಳುವ ಡಾಕ್ಟರಿಕೆ. ಆಯಿ ಫೋನು ಕಸಿದುಕೊಂಡು, "ಅದ್ರಾಗೇನದ, ನೀ ಮೊದಲೇ ಡಾಕ್ಟರ್ ಇದ್ದಿ" ಎಂದು ಕಟ್ ಮಾಡಿದಳು. ಮಾಡಿ, ಇಡೀ ಓಣಿಗೆ ತಾನೇ ನಡೆದು ಪೇಡಾ ಹಂಚಿದಳು. ನಾನು ಬುಟ್ಟಿ ಹೊತ್ತು ಹಿಂದೆ ಹಿಂದೆ ನಡೆದೆ. ಜಂಭವೆಂದರೆ ಅನ್ನಿ, ಎದೆಯುಬ್ಬಿಸಿ ನಡೆಯುವುದಕ್ಕೆ ಅವತ್ತು ನಾನು ಯಾರ ನಡಿಗೆಯನ್ನೂ ಕಡ ತರಲಿಲ್ಲ.

ಇವತ್ತು ಬೆಳಿಗ್ಗೆ ಗೊಬ್ಬೂರ ಕಡೆಯ ಗಂಡ ಹೆಂಡತಿ ಅಂಗಡಿಗೆ ಬಂದರು. ಗಂಡ ಮುಂದೆ, ಆಕೆ ನಾಲ್ಕು ಹೆಜ್ಜೆ ಹಿಂದೆ. "ಇಕಿಗೆ ತಲಿ ಬ್ಯಾನ್ರಿ, ಒಂದು ಗುಳಿಗಿ ಕೊಡ್ರಿ" ಎಂದ. ಗುಳಿಗೆ ಕೈಗೆ ತೆಗೆದುಕೊಂಡವನು ನಿಂತೆ. ನೀಲಕ್ಕನನ್ನು ಮಾಡಿದೆ: ಕೌಂಟರಿಗೆ ಎರಡೂ ಮೊಳಕೈ ಊರಿ, ಕುತ್ತಿಗೆ ತುಸು ವಾಲಿಸಿ, ಹಿಂದೆ ನಿಂತ ಹೆಂಡತಿಯ ಕಡೆ ನೋಡುತ್ತ, ಬಾಯಿ ಮುಚ್ಚಿ. ನಾನು ಮಾಡಿದ ನಕಲುಗಳಲ್ಲಿ ಇದೇ ಕಷ್ಟದ್ದು, ಸದ್ದೇ ಇಲ್ಲ. ಆಕೆ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

"ತಲಿ ಅಲ್ರಿ," ಎಂದಳು. "ಎಡಗಣ್ಣ ಮಂಜ ಆಗ್ಯಾದ. ರೊಟ್ಟಿ ಬಡ್ಯಾಕ ಅಂಚು ಕಾಣಂಗಿಲ್ಲ."

"ನನಗ ಹೇಳೇ ಇಲ್ಲಲ್ಲಬೇ!" ಎಂದ ಗಂಡ.

"ನೀವೆಲ್ಲಿ ಕೇಳೀರಿ?"

ಗುಳಿಗೆಯನ್ನು ಡಬ್ಬಿಗೆ ಮರಳಿ ಹಾಕಿ, ಕಣ್ಣಿನ ಡಾಕ್ಟರು ಕೂರುವ ಕೋಣೆಯ ಗುರುತು ಹೇಳಿದೆ. ಇಬ್ಬರೂ ಸರಕಾರಿ ದವಾಖಾನೆಯ ಕಡೆಗೆ ಹೊರಟರು. ಆಕೆ ಮುಂದೆ ನಡೆಯುತ್ತಿದ್ದಳು, ಮಾತಾಡುತ್ತಲೇ.