ಕಾರ್ಡಿನ ಹಿಂಬದಿ

ಕನ್ನಡಕದಂಗಡಿಯ ಯಜಮಾನರ ಬಲಗೈ ಹೆಬ್ಬೆರಳಿನ ಉಗುರಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ಕನ್ನಡಕದ ಕಡ್ಡಿ ಸಡಿಲವಾಗಿದೆಯೆಂದು ಯಾರಾದರೂ ಬಂದರೆ ಅವರು ಉಪಕರಣ ಹುಡುಕುತ್ತಿರಲಿಲ್ಲ. ಮಾತನಾಡುತ್ತಲೇ ಸಾಸಿವೆಗಿಂತ ಚಿಕ್ಕದಾದ ಸ್ಕ್ರೂವಿನ ತಲೆಗೆ ಉಗುರನ್ನು ಒತ್ತಿ, ಅರ್ಧ ಸುತ್ತು ತಿರುಗಿಸಿ, ಗಾಜನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿ ಕೊಟ್ಟುಬಿಡುತ್ತಿದ್ದರು. ಉಗುರು ಬೆಳೆದು ಕತ್ತರಿಸಿದಷ್ಟು ಸಲವೂ ಕಚ್ಚು ಅದೇ ಜಾಗದಲ್ಲಿ ಮತ್ತೆ ಮೂಡುತ್ತಿತ್ತು.

ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿದ್ದ ಆ ಕನ್ನಡಕದಂಗಡಿಗೆ ನಾನು ಮೊದಲು ಹೋದದ್ದು ಕಲ್ಲುಬರಹ ಓದುವ ಶಾಸನ ವಿಭಾಗದ ಕೆಲಸಕ್ಕೆ ಸೇರಿದ ವರ್ಷವೆಂದು ಬಹುಕಾಲ ನಂಬಿದ್ದೆ. ಮನೆಯಲ್ಲಿರುವ ರಸೀದಿ ಅದರ ಮರುವರ್ಷದ್ದು. ಇಂಥ ಕಡೆಗಳಲ್ಲಿ ನಾನು ನೆನಪಿಗಿಂತ ರಸೀದಿಯನ್ನು ನಂಬುತ್ತೇನೆ.

ಅಂಗಡಿಯ ಯಜಮಾನರು ಗಿರಾಕಿಗೊಂದರಂತೆ ದಪ್ಪ ಕಾಗದದ ಕಾರ್ಡು ಇಟ್ಟಿದ್ದರು. ಮುಂಬದಿಯಲ್ಲಿ ಬಂದ ದಿನಾಂಕ, ಕಣ್ಣಿನ ಪವರ್, ಫ್ರೇಮಿನ ಅಳತೆ. ಅದನ್ನು ಎಲ್ಲ ಅಂಗಡಿಯವರೂ ಬರೆದಿಡುತ್ತಾರೆ. ಇವರು ಹಿಂಬದಿಯಲ್ಲಿಯೂ ಬರೆಯುತ್ತಿದ್ದರು. ‘ಎಡಗಿವಿ ಕೇಳಿಸದು. ಬಲಕ್ಕೆ ನಿಂತು ಮಾತಾಡಿ.’ ‘ಹೂ ಕಟ್ಟುವವರು. ಪತ್ರಿಕೆ ಓದುವ ದೂರಕ್ಕೆ ಕೊಡಬೇಡಿ, ಮಡಿಲಿನ ದೂರಕ್ಕೆ ಕೊಡಿ.’ ‘ಕನ್ನಡಕ ಮೂಗಿನ ಮೇಲೆ ಕೂರುವುದಿಲ್ಲ ಎನ್ನುವರು. ಸೊಸೆ ಆರಿಸಿದ ಫ್ರೇಮು ಬೇಡ, ಅಷ್ಟೇ.’

“ಪವರ್ ಎಷ್ಟು ಅಂತ ಮಷೀನೇ ಹೇಳತ್ತೆ ಸಾರ್. ಮಿಕ್ಕಿದ್ದನ್ನ ಯಾರು ಹೇಳ್ಬೇಕು?” ಎನ್ನುತ್ತಿದ್ದರು.

ಅವರಲ್ಲಿ ನನಗೆ ಅರ್ಥವಾಗದ ಒಂದು ನಡವಳಿಕೆಯಿತ್ತು. ಸಾಮಾನ್ಯವಾಗಿ ಗೋಡೆಯ ಮೇಲೆ ಅಕ್ಷರಗಳ ಹಲಗೆ ತೂಗುತ್ತಿತ್ತು. ಅಪರೂಪಕ್ಕೊಮ್ಮೆ ಅದರ ಜಾಗದಲ್ಲಿ ಗುರುತುಗಳ ಹಲಗೆ ಬರುತ್ತಿತ್ತು. ಇಂಗ್ಲಿಷ್ ‘E’ ಆಕಾರದ ಒಂದೇ ಗುರುತು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬಾಯಿ ತೆರೆದುಕೊಂಡಿರುತ್ತದೆ. ಎದುರಿಗೆ ಕುಳಿತವರು ಆ ದಿಕ್ಕನ್ನು ಕೈಯಲ್ಲಿ ತೋರಿಸಬೇಕು. ಓದಲು ಬಾರದವರಿಗಾಗಿ ಇರುವ ಹಲಗೆಯದು. ಒಂದು ಶನಿವಾರ ನನ್ನನ್ನೂ ಅದರೆದುರಿಗೆ ಕೂರಿಸಿದಾಗ ನನಗೆ ಸ್ವಲ್ಪ ಕೋಪವೇ ಬಂತು.

“ನನಗೆ ಅಕ್ಷರ ಬರುತ್ತದಲ್ಲ ಸ್ವಾಮಿ” ಎಂದೆ.

“ಬರತ್ತೆ ಸಾರ್. ಇವತ್ತು ಇದೇ ಹಲಗೆ. ಕೈ ತೋರ್ಸಿ” ಎಂದರು. ನಾನು ಅದನ್ನು ವಯಸ್ಸಿನ ಮರೆವೆಂದು ಭಾವಿಸಿ ಕೈ ತೋರಿಸಿದೆ.

ನನ್ನ ನಿವೃತ್ತಿಯ ನಾಲ್ಕನೆಯ ವರ್ಷ ಅವರ ಕೈ ನಡುಗತೊಡಗಿತು. ಉಗುರು ಸ್ಕ್ರೂವನ್ನು ತಪ್ಪಿ ಗಾಜಿಗೆ ತಗುಲಿದ ದಿನ ನಾನು ಅಲ್ಲಿಯೇ ಇದ್ದೆ. ಅವರು ಕನ್ನಡಕವನ್ನು ತಮ್ಮ ಸಹಾಯಕಿಯ ಕೈಗೆ ಕೊಟ್ಟರು. ಬಾಗಲಕೋಟೆ ಕಡೆಯ ಆ ಹೆಣ್ಣುಮಗಳು ಕಣ್ಣು ಪರೀಕ್ಷೆಯ ಡಿಪ್ಲೊಮಾ ಮುಗಿಸಿ ಅಂಗಡಿಗೆ ಸೇರಿ ಹನ್ನೆರಡು ವರ್ಷವಾಗಿತ್ತು. ಮದುವೆಯಾಗಿ ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಮಾಡಿದ್ದರು. ಅಂಗಡಿಯನ್ನು ಅವರಿಗೇ ಒಪ್ಪಿಸುವುದೆಂದು ಯಜಮಾನರು ಆ ವಾರವೇ ತೀರ್ಮಾನಿಸಿದರು. ಆದರೆ ಕಾರ್ಡುಗಳ ಹಿಂಬದಿಯ ಬರಹ ಯಜಮಾನರೊಬ್ಬರಿಗೆ ಬಿಟ್ಟು ಮತ್ತಾರಿಗೂ ಓದಲು ಬರುತ್ತಿರಲಿಲ್ಲ.

“ಮುಂದಿಂದು ನಾ ಓದ್ತೀನ್ರಿ ಸರ. ಹಿಂದಿಂದು ಇವ್ರು ಬಾಯಿಲೇ ಹೇಳಿದ್ರಷ್ಟೇ ತಿಳೀತೈತಿ. ನಾಳೆ ಇವ್ರು ಅಂಗಡಿಗೆ ಬರ್ಲಿಲ್ಲಂದ್ರ ಬಂದ ಮಂದಿಗೆ ನಾ ಬರೇ ಪವರ್ ಕೊಟ್ಟು ಕಳಿಸ್ಬೇಕಾಗ್ತೈತಿ” ಎಂದರು ಸಹಾಯಕಿ.

ಯಜಮಾನರು ನನ್ನತ್ತ ತಿರುಗಿದರು. “ಸಾರ್, ನೀವು ಕಲ್ಲಿನ ಮೇಲಿರೋದನ್ನೇ ಓದ್ತೀರಲ್ಲ, ನನ್ನ ಕೈಬರಹ ಓದ್ತೀರಾ?”

“ಕಲ್ಲು ಕೆತ್ತಿದವರಿಗೆ ನಿಮ್ಮಷ್ಟು ಅವಸರ ಇರಲಿಲ್ಲ” ಎಂದೆ. ಒಪ್ಪಿಕೊಂಡೆ.

ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಬೇಕು, ಅದಕ್ಕೊಂದು ಸಾಫ್ಟ್‌ವೇರ್ ಆರಿಸಬೇಕು ಎಂದಾಯಿತು. ಮೊದಲು ಬಂದ ಮಾರಾಟದ ಯುವಕ ಮಾತಿನಲ್ಲಿ ಚುರುಕಾಗಿದ್ದ.

“ಕಸ್ಟಮರ್ ಬರ್ತ್‌ಡೇಗೆ ಆಟೊಮ್ಯಾಟಿಕ್ ಆಗಿ ಮೆಸೇಜ್ ಹೋಗತ್ತೆ ಸಾರ್. ಒಂದು ವರ್ಷ ಬರ್ಲಿಲ್ಲ ಅಂದ್ರೆ, ನಿಮ್ಮನ್ನ ಮಿಸ್ ಮಾಡ್ಕೋತಿದೀವಿ ಅಂತ ಹೋಗತ್ತೆ.”

“ತೀರ್ಕೊಂಡಿದ್ರೆ?” ಎಂದರು ಯಜಮಾನರು.

ಯುವಕ ಪರದೆಯ ಮೇಲೆ ಮುಂದಿನ ಪುಟ ತೆರೆದ.

“ಇರ್ಲಿ. ಇದಕ್ಕೆ ಹಿಂಬದಿ ಎಲ್ಲಿದೆ?” ಎಂದು ಯಜಮಾನರು ಒಂದು ಕಾರ್ಡನ್ನು ತಿರುಗಿಸಿ ತೋರಿಸಿದರು.

“ಓ, ರಿಮಾರ್ಕ್ಸ್. ಇದೆ ಸಾರ್. ಬಿಲ್ ಮೇಲೂ ಪ್ರಿಂಟ್ ಆಗತ್ತೆ.”

“ಸೊಸೆ ಆರಿಸಿದ ಫ್ರೇಮು ಬೇಡ ಅಂತ ಬಿಲ್ ಮೇಲೆ ಬಂದ್ರೆ ಆ ಮನೇಲಿ ಏನಾಗತ್ತೆ ಗೊತ್ತೇನಪ್ಪಾ?” ಎಂದು ಯಜಮಾನರು ನಕ್ಕರು. ಯುವಕನೂ ನಕ್ಕ. ಟೀ ಕುಡಿಸಿ ಕಳಿಸಿದರು.

ಎರಡನೆಯದನ್ನು ಆರಿಸಿದವನು ನಾನು. ಆ ತಪ್ಪನ್ನು ಇಲ್ಲಿ ದಾಖಲಿಸಬೇಕು. ಪ್ರತಿಯೊಂದು ನಮೂದಿಗೂ ಅದು ದಿನಾಂಕ, ಗಂಟೆ, ನಿಮಿಷಗಳನ್ನು ತಾನೇ ಹಾಕಿಕೊಳ್ಳುತ್ತಿತ್ತು. ಕಾಲನಿರ್ಣಯಕ್ಕಾಗಿ ಜೀವಮಾನವೆಲ್ಲ ಹೆಣಗಿದವನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕೆನಿಸಲಿಲ್ಲ. ಎರಡು ವಾರ ಉಚಿತವಾಗಿ ಬಳಸಿ ನೋಡಲು ಕೊಟ್ಟರು. ಅದರಲ್ಲಿ ಗಿರಾಕಿಯೇ ಬಾಗಿಲ ಬಳಿ ಇಟ್ಟಿರುವ ಟ್ಯಾಬ್ಲೆಟ್ಟಿನಲ್ಲಿ ತನ್ನ ಹೆಸರು ವಿವರ ತುಂಬಬೇಕಿತ್ತು.

ಎರಡನೆಯ ಶನಿವಾರ ಲಗ್ಗೆರೆಯಿಂದ ಒಬ್ಬರು ಬಂದರು. ಕಾರ್ಖಾನೆಯೊಂದರಲ್ಲಿ ಹತ್ತಾರು ಜನರ ಮೇಲೆ ಮೇಸ್ತ್ರಿ; ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಸಹಾಯಕಿ ಒಳಗೆ ಬೇರೊಬ್ಬರ ಕಣ್ಣು ನೋಡುತ್ತಿದ್ದರು. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿರಲಿಲ್ಲ. ಟ್ಯಾಬ್ಲೆಟ್ಟನ್ನು ಬಂದವರ ಕೈಗೆ ಕೊಟ್ಟವನು ನಾನೇ. ಅವರು ಅದನ್ನು ಹಿಡಿದುಕೊಂಡರು. ಸ್ವಲ್ಪ ಹೊತ್ತು ನೋಡಿದರು.

“ಕನ್ನಡಕ ಮನೇಲೇ ಬಿಟ್ಟು ಬಂದ್ಬಿಟ್ಟಿದೀನಿ” ಎಂದರು.

ಬೆಂಚಿನ ಮೇಲೆ ಕುಳಿತಿದ್ದ ಯುವಕನೊಬ್ಬ, ಸಹಾಯ ಮಾಡುವ ಉತ್ಸಾಹದಲ್ಲಿಯೇ, “ಅಣ್ಣ, ಜೇಬಲ್ಲೇ ಇದ್ಯಲ್ಲ” ಎಂದ.

ಮೇಸ್ತ್ರಿ ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು ಬಾಗಿಲಿನ ಕಡೆ ತಿರುಗಿದರು. ಅಷ್ಟರಲ್ಲಿ ಯಜಮಾನರು ಪರದೆ ಸರಿಸಿ ಹೊರಗೆ ಬಂದರು. ಟ್ಯಾಬ್ಲೆಟ್ಟನ್ನು ಎತ್ತಿ ತಮ್ಮ ಕಣ್ಣಿಗೆ ಹಿಡಿದು ಮುಖ ಸಿಂಡರಿಸಿದರು.

“ಇದು ನನಗೇ ಕಾಣಲ್ಲ ಮೇಸ್ತ್ರಿಗಳೇ. ಬರೀ ಹೊಳಪು. ತಂದಿಟ್ಟಿದ್ದು ನಮ್ಮ ತಪ್ಪು.” ಬಳಿಕ ಬೆಂಚಿನ ಕಡೆ, “ಗುರು, ಜೇಬಲ್ಲಿರೋದು ಹಳೇ ಪವರ್. ಅದರಲ್ಲಿ ಕಂಡಿದ್ರೆ ಇಲ್ಲಿಗ್ಯಾಕೆ ಬರ್ತಿದ್ರು? ನೀನೂ ಕೂತ್ಕೋ, ನಿಂದೂ ನೋಡ್ತೀನಿ” ಎಂದು ಮೇಸ್ತ್ರಿಯ ತೋಳು ಹಿಡಿದು ಒಳಗೆ ಕರೆದೊಯ್ದರು. ಗೋಡೆಯ ಮೇಲೆ ಗುರುತುಗಳ ಹಲಗೆ ಬಂತು. ಮೇಸ್ತ್ರಿ ಕೈ ತೋರಿಸಿದರು. ಆಮೇಲೆ ಆ ಯುವಕನೂ ಅದೇ ಹಲಗೆಗೆ ಕೈ ತೋರಿಸಿದ. ಅವನ ನಂತರ ಬಂದ ಮಹಾಲಕ್ಷ್ಮಿ ಲೇಔಟಿನ ಅಧ್ಯಾಪಕಿಯೂ ತೋರಿಸಿದರು.

ಎಲ್ಲರೂ ಹೋದ ಮೇಲೆ ಯಜಮಾನರು ಟ್ಯಾಬ್ಲೆಟ್ಟನ್ನು ಅದರ ಪೆಟ್ಟಿಗೆಗೆ ಸೇರಿಸಿದರು. ಕೋಪವಿರಲಿಲ್ಲ.

“ಸಾರ್, ಅವರು ಎಷ್ಟು ಗಂಟೆಗೆ ಬಂದ್ರು ಅಂತ ಇದಕ್ಕೆ ಗೊತ್ತಾಯ್ತು. ಯಾರು ಬಂದ್ರು ಅಂತ ಗೊತ್ತಾಗ್ಲಿಲ್ಲ, ಅಲ್ವಾ?”

ಮರುದಿನ ಅವರೇ ಮೇಸ್ತ್ರಿಯ ಕಾರ್ಡನ್ನು ತೆಗೆದು ನನಗೆ ಕೊಟ್ಟರು. ಹಿಂಬದಿಯನ್ನು ಓದಲು ನನಗೆ ಹತ್ತು ನಿಮಿಷ ಹಿಡಿಯಿತು. ‘ಅಕ್ಷರ ಬಾರದು. ಯಾರಿಗೂ ಗೊತ್ತಿಲ್ಲ. ಗುರುತಿನ ಹಲಗೆ. ಇವರಿಗೆ ಮಾತ್ರ ಅಲ್ಲ, ಆ ಹೊತ್ತು ಅಂಗಡಿಯಲ್ಲಿರುವ ಎಲ್ಲರಿಗೂ.’ ಮುಂಬದಿಯಲ್ಲಿ ಅವರು ಹಿಂದೆ ಬಂದುಹೋದ ನಾಲ್ಕು ದಿನಾಂಕಗಳಿದ್ದವು. ಮನೆಗೆ ಹೋಗಿ ನನ್ನ ರಸೀದಿಗಳೊಂದಿಗೆ ತಾಳೆ ನೋಡಿದೆ. ಎರಡನೆಯದು, ನಾನು ಕೋಪಿಸಿಕೊಂಡಿದ್ದ ಆ ಶನಿವಾರ.

ಒಂದು ಮಾತು. ಆ ಗಿರಾಕಿಯ ಊರು ಲಗ್ಗೆರೆಯಲ್ಲ, ಅವರ ಕೆಲಸವೂ ಮೇಸ್ತ್ರಿಯದಲ್ಲ. ಈ ಬರಹದಲ್ಲಿ ತಿಳಿದೂ ತಿಳಿದೂ ತಪ್ಪಾಗಿ ಕೊಟ್ಟಿರುವ ವಿವರಗಳು ಇವೆರಡೇ.

ಮೂರನೆಯ ಸಾಫ್ಟ್‌ವೇರ್ ತಂದದ್ದು ಬಸವೇಶ್ವರನಗರದ ಒಬ್ಬ ತರುಣಿ. ಮನೆಯ ಮಹಡಿಯಲ್ಲಿ ಗೆಳತಿಯೊಬ್ಬಳೊಂದಿಗೆ ಸೇರಿ ಸಣ್ಣ ಅಂಗಡಿಗಳಿಗೆಂದು ಸಾಫ್ಟ್‌ವೇರ್ ಮಾಡುತ್ತಿದ್ದರು. ಹಿಂಬದಿ ಎಲ್ಲಿದೆಯೆಂದು ಕೇಳಿದಾಗ ಅವರು ಮರುಪ್ರಶ್ನೆ ಹಾಕಿದರು.

“ಹಿಂಬದಿ ಅಂದ್ರೆ ಏನು ಅಂತ ಸ್ವಲ್ಪ ತೋರಿಸ್ತೀರಾ ಅಂಕಲ್?”

ಯಜಮಾನರು ಹೆಸರುಗಳನ್ನು ಅಂಗೈಯಿಂದ ಮುಚ್ಚಿ ಮೂರು ಕಾರ್ಡುಗಳನ್ನು ಓದಿ ಹೇಳಿದರು. ತರುಣಿ ಹೂ ಕಟ್ಟುವವರ ಕಾರ್ಡನ್ನು ಎರಡು ಸಲ ಓದಿಸಿದರು.

“ಇದು ನಮ್ಮಲ್ಲಿ ಇಲ್ಲ ಅಂಕಲ್. ಹತ್ತು ದಿನ ಕೊಡಿ.”

ಹನ್ನೊಂದನೆಯ ದಿನ ಬಂದರು. ಕಣ್ಣು ಪರೀಕ್ಷಿಸುವವರು ಗುಪ್ತಪದ ಹಾಕಿದರೆ ಮಾತ್ರ ಹಿಂಬದಿ ತೆರೆಯುತ್ತಿತ್ತು. ಅದು ಬಿಲ್ಲಿಗೂ ಹೋಗದು, ಗಿರಾಕಿಯ ಫೋನಿಗೂ ಹೋಗದು. ಗಿರಾಕಿ ಏನನ್ನೂ ಮುಟ್ಟಬೇಕಾಗಿರಲಿಲ್ಲ.

“ನೀವು ನಿಮ್ಮ ಆಫೀಸಲ್ಲಿ ಕೂತು ಇದನ್ನ ಓದಬಹುದಾ?” ಎಂದು ಕೇಳಿದರು ಯಜಮಾನರು.

“ಇಲ್ಲ ಅಂಕಲ್. ಪಾಸ್‌ವರ್ಡ್ ನಿಮ್ಮ ಹತ್ರ ಮಾತ್ರ. ನೀವು ಕಳ್ಕೊಂಡ್ರೆ ನನಗೂ ತೆಗೆಯೋಕಾಗಲ್ಲ.”

“ಹಂಗಾದ್ರೆ ಸರಿ” ಎಂದು ಸಹಾಯಕಿಯ ಕಡೆ ನೋಡಿದರು. “ಪಾಸ್‌ವರ್ಡ್ ನೀನಿಡಮ್ಮ. ನನಗೂ ಹೇಳ್ಬೇಡ.”

ಆಮೇಲೆ ಏಳು ತಿಂಗಳು ನಾವು ಮೂವರು ಬೆಳಗಿನ ಹೊತ್ತು ಕೂತು ಕಾರ್ಡುಗಳನ್ನು ಕಂಪ್ಯೂಟರಿಗೆ ಸಾಗಿಸಿದೆವು. ನಾನು ಓದುತ್ತಿದ್ದೆ, ಯಜಮಾನರು ತಿದ್ದುತ್ತಿದ್ದರು, ಸಹಾಯಕಿ ಟೈಪು ಮಾಡುತ್ತಿದ್ದರು. ದಿನಾಂಕವಿಲ್ಲದ ಕಾರ್ಡು ಬಂದರೆ ನಾನು ಶಾಯಿ, ಫ್ರೇಮಿನ ಹೆಸರು, ಫೋನ್ ನಂಬರಿನ ಅಂಕಿಗಳ ಸಂಖ್ಯೆ ನೋಡಿ ಕಾಲ ಗುರುತಿಸಲು ಹೊರಡುತ್ತಿದ್ದೆ. “ಬಿಡಿ ಸಾರ್, ಅವರು ರಾಜ ಅಲ್ಲ, ರೇಷನ್ ಅಂಗಡಿ ಇಟ್ಟಿದ್ರು” ಎನ್ನುತ್ತಿದ್ದರು ಯಜಮಾನರು. ತೀರಿಕೊಂಡವರ ಕಾರ್ಡು ಬಂದಾಗ ಹಿಂಬದಿಯನ್ನು ನನ್ನಿಂದ ಜೋರಾಗಿ ಓದಿಸಿ, ಬೇರೆ ಪೆಟ್ಟಿಗೆಯಲ್ಲಿ ಇಡಿಸುತ್ತಿದ್ದರು.

ನನ್ನ ಕಾರ್ಡಿನ ಸರದಿ ಬಂದಾಗ ಅದನ್ನು ನನ್ನ ಕೈಯಿಂದ ಎಳೆದುಕೊಂಡರು. “ಇದನ್ನ ನೀವು ಓದೋ ಹಾಗಿಲ್ಲ. ಹೋಗಿ ಟೀ ಕುಡ್ಕೊಂಡು ಬನ್ನಿ.” ಕುಡಿದು ಬಂದೆ. ಇಬ್ಬರೂ ಗಂಭೀರವಾಗಿದ್ದರು.

ಕೊನೆಯ ತಿಂಗಳುಗಳಲ್ಲಿ ಸಹಾಯಕಿ ತಮ್ಮದೇ ಟಿಪ್ಪಣಿಗಳನ್ನು ಸೇರಿಸತೊಡಗಿದ್ದರು. ಒಂದನ್ನು ಅವರು ಓದಿ ಹೇಳಿದಾಗ ಯಜಮಾನರು ಕೈ ಎತ್ತಿ ನಿಲ್ಲಿಸಿದರು. ಅದು ಅವರ ಅತ್ಯಂತ ಹಳೆಯ ಗಿರಾಕಿಯೊಬ್ಬರ ವಿಷಯ: ‘ಗಾಜು ಒರೆಸಲು ಕೈ ಏಳುವುದಿಲ್ಲ, ಭುಜ ನೋವು. ಬಂದಾಗೆಲ್ಲ ನಾವೇ ಒರೆಸಿ ಕೊಡಬೇಕು.’

“ಇಷ್ಟು ವರ್ಷದಲ್ಲಿ ಇದು ನನಗೇ ಗೊತ್ತಿರ್ಲಿಲ್ವಲ್ಲಮ್ಮ” ಎಂದರು.

“ನಿಮಗ ಅವ್ರು ಹೇಳಂಗಿಲ್ರಿ ಸರ. ಹೆಣ್ಮಕ್ಕಳು ನಮಗ ಹೇಳ್ತಾರ.”

ಮರುದಿನದಿಂದ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದನ್ನು ಬಿಟ್ಟು, ಗಿರಾಕಿಗಳ ಬೆಂಚಿಗೆ ಬಂದು ಕೂರತೊಡಗಿದರು. ಕೊನೆಯ ಕಾರ್ಡು ಗೌರಿಹಬ್ಬದ ಹಿಂದಿನ ದಿನ ಮುಗಿಯಿತು. ಅವರು ತೀರಿಕೊಂಡದ್ದು ಸಂಕ್ರಾಂತಿ ಕಳೆದು ಮೂರನೆಯ ದಿನ. ಅಂಗಡಿ ಒಂದು ವಾರ ಮುಚ್ಚಿ ಮತ್ತೆ ತೆರೆಯಿತು.

ಕಳೆದ ತಿಂಗಳು ಕಣ್ಣು ತೋರಿಸಲು ಹೋಗಿದ್ದೆ. ಈಗ ಅಂಗಡಿಯ ಒಡತಿಯಾಗಿರುವ ಸಹಾಯಕಿ ಕಂಪ್ಯೂಟರಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಗುಪ್ತಪದ ಹಾಕಿದರು. ಓದುತ್ತ ತುಟಿಯಂಚಿನಲ್ಲಿ ನಕ್ಕರು. ನಾನು ಕೇಳುವ ಮೊದಲೇ ಹಿಂದಿನ ಸಲ ಬಂದಿದ್ದ ದಿನಾಂಕ, ವಾರ, ವೇಳೆ ಮೂರನ್ನೂ ಹೇಳಿದರು. “ರಸೀದಿ ನಂಬರೂ ಹೇಳ್ಲೇನ್ರಿ ಸರ?”

“ಬೇಡಮ್ಮ” ಎಂದೆ. ಏನು ಬರೆದಿದೆಯೆಂದು ಕೇಳಲಿಲ್ಲ.

ತಲೆಯೆತ್ತಿದಾಗ ಗೋಡೆಯ ಮೇಲೆ ಗುರುತುಗಳ ಹಲಗೆ ತೂಗುತ್ತಿತ್ತು. ನನ್ನ ಹಿಂದೆ ಬೆಂಚಿನ ಮೇಲೆ ನಾಲ್ಕೈದು ಜನ ಕುಳಿತಿದ್ದರು. ಯಾರೆಂದು ನಾನು ತಿರುಗಿ ನೋಡಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು, ಗುರುತಿನ ಬಾಯಿ ಯಾವ ಕಡೆ ತೆರೆದಿದೆಯೋ ಆ ಕಡೆಗೆ, ಎಲ್ಲರಿಗೂ ಕಾಣುವಂತೆ ಕೈ ತೋರಿಸುತ್ತ ಹೋದೆ.